ದವಡೆಗೆ ಹಚ್ಚಿದ ತಂಬೂರಿ

ಪತ್ರಿಕೆಗಳ ಮುಖಪುಟ ಮಾಡುವ ಹುಡುಗ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. "ಕಾಕಾ, ಹ್ಯಾಂಗ ಆಗ್ಯಾದ ನೋಡ್ರಿ" ಎಂದು ಹಾಳೆ ಮುಂದೆ ಹಿಡಿಯುತ್ತಾರೆ. ನಾನು ಅದನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. "ಅಂಗಳದಾಗ ಬೇವಿನ ಗಿಡದ ಹತ್ತರ ಹೋಗಿ ನಿಂದ್ರು, ಅಲ್ಲಿಂದ ತೋರ್ಸು" ಅನ್ನುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡೇ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ನನ್ನ ಕಣ್ಣಿಗೆ ಏನು ಕಾಣುತ್ತದೋ ಅಷ್ಟೇ ಮುಖಪುಟ. ಉಳಿದದ್ದು ಬರೆದವರ ಹೌಸು, ಶೋಕಿ.

ಇದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ಹುಮನಾಬಾದಿನ ಮೋಟಾರು ನಿಲ್ಲುವ ಜಾಗದಲ್ಲಿದ್ದ ಒಂದು ಚಹಾದ ಅಂಗಡಿ ಕಲಿಸಿತು.

ನಾನು ಮೊದಲು ಪೇಟೆಯಲ್ಲಿ ಅಂಗಡಿಗಳ ಹಲಗೆ ಬರೆಯುತ್ತಿದ್ದವನು. ನಿಜಾಮರ ಕಾಲ. ಒಂದೇ ಹಲಗೆಯ ಮೇಲೆ ಉರ್ದು, ಮರಾಠಿ, ಕನ್ನಡ ಮೂರೂ ಬರಬೇಕು, ಮೂವರೂ ಗಿರಾಕಿಗಳು ಒಳಗೆ ಬರಬೇಕು. ಆ ಕೆಲಸ ನೋಡಿ ಖಾಸಿಂ ಸಾಹೇಬರು ನನ್ನನ್ನು ತಮ್ಮ ಕಲ್ಲಚ್ಚಿನ ಛಾಪಖಾನೆಗೆ ಕರೆದರು. ನುಣುಪು ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುವುದು, ನೀರು ಹಚ್ಚುವುದು, ಬಣ್ಣ ಉರುಳಿಸುವುದು, ಕಾಗದ ಒತ್ತುವುದು. ಬರೆದಲ್ಲಿ ಬಣ್ಣ ಹಿಡಿಯುತ್ತದೆ, ಬರೆಯದಲ್ಲಿ ಹಿಡಿಯುವುದಿಲ್ಲ. ಕೆಲಸ ಮುಗಿದ ಮೇಲೆ ಮರಳು, ನೀರು ಹಾಕಿ ಕಲ್ಲನ್ನು ತಿಕ್ಕಿದರೆ ಚಿತ್ರ ಹೋಗಿ ಕಲ್ಲು ಮತ್ತೆ ಖಾಲಿ. ಸಾಹೇಬರು ಉರ್ದು ಬರೆಯುವುದರಲ್ಲಿ ಎತ್ತಿದ ಕೈ. ಕನ್ನಡ ನನಗೆ ಬಿಟ್ಟರು.

ಅಲ್ಲಿಗೆ ಒಂದು ದಿನ ಗುರುನಾಥ ಮಾಸ್ತರರು ಬಂದರು. ಪೇಟಿ ಕಲಿಸುವ ಮಾಸ್ತರರು. ಹಾರ್ಮೋನಿಯಂ ಎಂದು ಅವರ ಮುಂದೆ ಯಾರಾದರೂ ಅಂದರೆ ನಗುತ್ತಿದ್ದರು. ಸಂಗೀತಕ್ಕಾಗಿಯೇ ಒಂದು ಮಾಸಪತ್ರಿಕೆ ತೆಗೆಯುವ ಹುಚ್ಚು ಅವರಿಗೆ ಹತ್ತಿತ್ತು. ಹೆಸರು 'ನಾದಬುತ್ತಿ'. "ದಾರಿಯಾಗ ಬಿಚ್ಚಿ ಉಣ್ಣೂವಂಗ ಇರಬೇಕು" ಅಂದರು. ಹೆಸರು ನನಗೆ ಭಾಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ ಮೊದಲ ಮುಖಪುಟದಲ್ಲಿ ನನಗೆ ಗೊತ್ತಿದ್ದದ್ದನ್ನೆಲ್ಲ ತುಂಬಿಬಿಟ್ಟೆ. ವೀಣೆ, ತಬಲಾ, ಕೊಳಲು, ನವಿಲು, ಕಮಲ, ಅದರ ಮೇಲೆ ಸರಸ್ವತಿ, ಅವಳ ಹಿಂದೆ ಹುಟ್ಟುವ ಸೂರ್ಯ. ಪತ್ರಿಕೆಯ ಹೆಸರನ್ನು ಬಳ್ಳಿ ಸುತ್ತಿ ಸುತ್ತಿ ಬರೆದೆ.

ಚಹಾದ ಅಂಗಡಿಯವನು ಅದನ್ನು ಬೇರೆ ಪತ್ರಿಕೆಗಳ ಜೊತೆ ಹಗ್ಗದ ಮೇಲೆ ನಡು ಮಡಿಚಿ ಹಾಕಿದ. ನಾನು ಚಹಾ ಕುಡಿಯುವ ನೆವ ಮಾಡಿ ಎದುರಿಗೇ ಕೂತೆ. ಮುಡಬಿ ಕಡೆಯ ಒಬ್ಬ ಯಜಮಾನ ಮೋಟಾರಿನಿಂದ ಇಳಿದವನು ಅದನ್ನೇ ನೋಡಿದ. ನಾನು ಚಹಾದ ಬಟ್ಟಲು ಕೆಳಗಿಟ್ಟೆ.

"ಹೊಸಾ ಪಂಚಾಂಗ ಬಂತೇನು?" ಅಂತ ಕೇಳಿದ.

"ಅಲ್ರಿ, ಸಂಗೀತದ್ದು" ಅಂದ ಅಂಗಡಿಯವನು.

"ಹಂಗಾದ್ರ ಬ್ಯಾಡ, ನಂಗ ಅಮಾಸಿ ಯಾವಾಗ ಅನ್ನೂದು ಬೇಕಾಗಿತ್ತು" ಎಂದು ಹೋದ.

ಖಾಸಿಂ ಸಾಹೇಬರಿಗೆ ಹೇಳಿದೆ. ನಕ್ಕು, ನನ್ನ ಕೈ ಹಿಡಿದು ರಸ್ತೆಯ ಆಚೆ ಕರೆದೊಯ್ದು ನಿಲ್ಲಿಸಿದರು. "ವೀರಣ್ಣ, ಇಲ್ಲಿಂದ ಏನ್ ಕಾಣ್ತದ ಹೇಳು." ಬಣ್ಣದ ಒಂದು ರಾಡಿ ಕಾಣುತ್ತಿತ್ತು. ಮಡಿಕೆಯ ಕೆಳಗಿನ ಅರ್ಧ ಕಾಣುತ್ತಲೇ ಇರಲಿಲ್ಲ. ತಬಲಾ, ಕೊಳಲು ಎಲ್ಲ ಹಗ್ಗದ ಹಿಂದೆ ಹೋಗಿದ್ದವು. "ಬೇಟಾ, ಒಂದು ಚೀಜ್ ಬರಿ. ಅದನ್ನ ಮ್ಯಾಲಿನ ಅರ್ಧದಾಗ ಬರಿ. ಹೆಸರಿಗಿ ಬಳ್ಳಿ ಹಬ್ಬಸಬ್ಯಾಡ, ಅದೇನ್ ಹಂದರ ಅಲ್ಲ." ಮುಂದೆ ನಾನು ಮಾಡಿದ ಎಲ್ಲ ಕೆಲಸಕ್ಕೂ ಇದೇ ಬುನಾದಿ.

ಹಾಗಂತ ತಪ್ಪು ಮುಗಿಯಲಿಲ್ಲ. ಹಳ್ಳಿಖೇಡದಲ್ಲಿ ಸಿತಾರ ನುಡಿಸುವ ರಾಯರೊಬ್ಬರಿದ್ದರು. ಅವರ ಚಿತ್ರವನ್ನು ಒಂದು ಸಂಚಿಕೆಗೆ ನೇರ ಕಲ್ಲಿನ ಮೇಲೆಯೇ ಬರೆದೆ, ಮುಂದೆ ಕೂಡಿಸಿಕೊಂಡು, ಕಂಡಂತೆ. ಕಲ್ಲಿನ ಮೇಲಿದ್ದದ್ದು ಕಾಗದಕ್ಕೆ ಬರುವಾಗ ತಿರುವುಮುರುವು ಆಗುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ ಮಾತಲ್ಲ. ಅಕ್ಷರಗಳನ್ನು ಬೇರೆ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸುತ್ತಿದ್ದೆವಾದ್ದರಿಂದ ಅವು ಸರಿಯಾಗಿಯೇ ಬಂದವು. ರಾಯರು ಮಾತ್ರ ಎಡಚರಾದರು. ಸಂಚಿಕೆ ಹೊರಬಿದ್ದ ಮೇಲೆ ರಾಯರು ಸಿತಾರ ಹೆಗಲಿಗೆ ಹಾಕಿಕೊಂಡೇ ಛಾಪಖಾನೆಗೆ ಬಂದರು. ನಾನು ಕಲ್ಲಿನ ಹಿಂದೆ ಅಡಗುವುದೊಂದು ಬಾಕಿ. ಅವರು ನನ್ನೆದುರು ಕೂತು, ಸಿತಾರವನ್ನು ಉಲ್ಟಾ ಹಿಡಿದು, ಎಡಗೈಯಿಂದ ಮೀಟಲು ಹೋಗಿ ಕರ್ಕಶ ಸದ್ದು ಮಾಡಿ, "ಮುಂಜಾನಿಂದ ರಿಯಾಜ ಮಾಡಾಕತ್ತೇನಿ ವೀರಣ್ಣ, ನಿನ್ನ ಚಿತ್ರದಂಗ ಬರವಲ್ದು" ಅಂದರು. ಆವತ್ತು ಛಾಪಖಾನೆಯಲ್ಲಿ ನಗೆ ನಿಲ್ಲಲೇ ಇಲ್ಲ. ಮರುದಿನವೇ ಪೇಟೆಗೆ ಹೋಗಿ ಒಂದು ಕನ್ನಡಿ ಕೊಂಡುತಂದೆ. ಕನ್ನಡಿಯಲ್ಲಿ ನೋಡಿ ಕಲ್ಲಿನ ಮೇಲೆ ಬರೆಯುವುದನ್ನು ರೂಢಿ ಮಾಡಿಕೊಂಡೆ.

ಇನ್ನೊಂದು ಸಲ ಒಬ್ಬ ಗವಾಯಿಯನ್ನು ತಾನ್ ಹೊಡೆಯುವಾಗಿನ ಭಂಗಿಯಲ್ಲಿ ಬರೆದೆ. ಬಾಯಿ ಪೂರ್ತಿ ತೆರೆದದ್ದು, ಕಣ್ಣು ಮುಚ್ಚಿದ್ದು, ಕೈ ಮುಂದೆ ಚಾಚಿದ್ದು. ಗುರುನಾಥ ಮಾಸ್ತರರ ಹೆಂಡತಿ ನೋಡಿ, "ಅಯ್ಯ ಪಾಪ, ಇವರಿಗಿ ಹಲ್ಲು ನೋಯಾಕತ್ತಾವೇನು?" ಅಂದರು. ತಮಾಷೆಗೆ ಅಂದದ್ದಲ್ಲ, ನಿಜವಾಗಿಯೂ ಮರುಗಿದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕಾಗದದ ಮೇಲೆ ತೆರೆದ ಬಾಯಿಂದ ಸ್ವರ ಬರುವುದಿಲ್ಲ. ಹಾಗಾದರೆ ಸಂಗೀತವನ್ನು ಬರೆಯುವುದು ಹೇಗೆ?

ಉತ್ತರ ಕಲ್ಯಾಣಿಯಲ್ಲಿ ಸಿಕ್ಕಿತು. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ನಾವು ಹಾಗೇ ಕರೆಯುತ್ತಿದ್ದೆವು.

ಅಲ್ಲಿ ಚಂದ್ರಭಾಗಾಬಾಯಿ ಇದ್ದರು. ಸುತ್ತಲಿನ ಜಹಗೀರುದಾರರ, ದೇಶಮುಖರ ಮನೆಗಳಲ್ಲಿ ಮದುವೆ, ತೊಟ್ಟಿಲು ಏನೇ ಇದ್ದರೂ ಬಾಯಿಯವರ ಹಾಡಿಕೆ ಆಗಲೇಬೇಕು. ತೀರಿಹೋದ ತಂಗಿಯ ಮಕ್ಕಳು, ಒಬ್ಬ ಸೋದರತ್ತೆ, ತಬಲಾದ ಇಮಾಮಸಾಬ, ಅವನ ಮನೆಯವರು, ಇಷ್ಟೂ ಜನ ಅವರ ಹಾಡಿನ ಮೇಲೆ ಬದುಕಿದ್ದರು. ಮಾಸ್ತರರು ಅವರ ಮೇಲೆ ಒಂದು ಲೇಖನ ಬರೆದರು. ಮುಖಪುಟಕ್ಕೆ ಫೋಟೋ ನೋಡಿ ಬರೆಯಬೇಡ, ಹೋಗಿ ನೋಡಿ ಬರೆ ಎಂದು ನನ್ನನ್ನು ಕಳಿಸಿದರು.

ನಾನು ಹೋದಾಗ ಬಾಯಿಯವರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಚಿತ್ರ ಬರೆಯುವವನು ಬಂದಿದ್ದಾನೆಂದು ತಿಳಿದು ಒಳಗೆ ಹೋಗಿ ಜರಿಯ ಸೀರೆ ಉಟ್ಟು, ಟೀಕಿ, ಬುಗುಡಿ ಎಲ್ಲ ಹಾಕಿಕೊಂಡು ಬಂದು ಕೂತರು. ಬರೆದೆ. ಅದನ್ನು ನೋಡಿ, "ಛಲೋ ಆಗ್ಯಾದ ತಮ್ಮಾ. ಆದ್ರ ಇದು ನನ್ನ ಸೀರಿ ಚಿತ್ರ, ನಂದಲ್ಲ" ಅಂದರು.

"ಹೌದ್ರಿ ಅಕ್ಕಾರ" ಅಂದೆ. "ನಾ ಇಲ್ಲೇ ಮೂಲ್ಯಾಗ ಕೂಡ್ತೀನಿ. ನಾ ಇದ್ದೀನಿ ಅನ್ನೂದು ಮರತು ನೀವು ನಿಮ್ಮ ರಿಯಾಜ ಮಾಡ್ರಿ."

ಅವರು ಒಡವೆ ಬಿಚ್ಚಿಟ್ಟು, ನಿತ್ಯದ ಸೀರೆ ಉಟ್ಟು ಬಂದರು. ಇಮಾಮಸಾಬ ತಬಲಾ ತಂದು ಅವರ ಎಡಕ್ಕೆ ಕೂತ. ಬಾಯಿಯವರು ತಂಬೂರಿಯ ಶ್ರುತಿ ಕೂಡಿಸತೊಡಗಿದರು. ಒಂದು ತಂತಿ ಮೀಟಿದರು, ಬಿರಡೆ ತಿರುವಿದರು, ಮತ್ತೆ ಮೀಟಿದರು. ಆಮೇಲೆ ಮೆಲ್ಲಗೆ ಬಾಗಿ ತಂಬೂರಿಯ ದಂಡಿಗೆ ದವಡೆ ಹಚ್ಚಿ ಕೂತರು. ಕಣ್ಣು ತೆರೆದಿದ್ದವು, ಆದರೆ ಎದುರಿಗಿದ್ದ ನನ್ನನ್ನಾಗಲಿ ಗೋಡೆಯನ್ನಾಗಲಿ ನೋಡುತ್ತಿರಲಿಲ್ಲ. ಉಸಿರು ಸಹ ಹಿಡಿದಂತಿತ್ತು. ಅವರನ್ನು ನೋಡುತ್ತ ನಾನೂ ಉಸಿರು ಹಿಡಿದೆ, ಸಣ್ಣ ಸದ್ದಿಗೂ ಕಿವಿಗೊಟ್ಟೆ.

ಅಷ್ಟರಲ್ಲಿ ನನಗೆ ಹೊಳೆಯಿತು. ಹಾಡುವವರನ್ನು ಬರೆದರೆ ನೋಡುವವನಿಗೆ ಏನೂ ಕೇಳುವುದಿಲ್ಲ. ಕೇಳುವವರನ್ನು ಬರೆದರೆ ಅವನೂ ಕೇಳಲು ನಿಲ್ಲುತ್ತಾನೆ. ಕೈ ತಾನಾಗಿ ಓಡಿತು. ಅವತ್ತು ಬರೆದ ಗೆರೆಗಳಷ್ಟು ಸಲೀಸಾದ ಗೆರೆ ಮುಂದೆ ಎಷ್ಟೋ ವರ್ಷ ನನ್ನ ಕೈಯಿಂದ ಬರಲಿಲ್ಲ.

"ಅಚ್ಚಾದ ಮ್ಯಾಲೇ ನೋಡ್ತೀನಿ, ಈಗ ಬ್ಯಾಡ" ಅಂದರು ಬಾಯಿಯವರು.

ಹುಮನಾಬಾದಿಗೆ ಬಂದು ಕನ್ನಡಿ ಇಟ್ಟುಕೊಂಡು ಕಲ್ಲಿನ ಮೇಲೆ ಬರೆದೆ. ತೋರುಪ್ರತಿ ತೆಗೆದು ರಸ್ತೆಯ ಆಚೆ ಹಿಡಿದೆವು. ಹಾದುಹೋಗುತ್ತಿದ್ದ ಬಂಡಿಯವನು ಎತ್ತುಗಳನ್ನು ನಿಲ್ಲಿಸಿ ಆ ಕಡೆ ನೋಡಿದ. ಗುರುನಾಥ ಮಾಸ್ತರರು ನನ್ನನ್ನು ತಬ್ಬಿಕೊಂಡರು. "ಇದಕ್ಕ ಹೆಸರೂ ಬ್ಯಾಡ, ಏನೂ ಬ್ಯಾಡ ವೀರಣ್ಣ, ಚಿತ್ರಾನೇ ಮಾತಾಡ್ತದ!"

ಖಾಸಿಂ ಸಾಹೇಬರು ಮಾತ್ರ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಲೇ ಇದ್ದರು. ನಾನು ಕೇಳಿದೆ: "ಏನ್ ತಪ್ಪಾಗ್ಯಾದ ಸಾಹೇಬ್ರ?"

"ತಪ್ಪಿಲ್ಲ. ನೀ ಕಂಡಂಗೇ ಬರದಿ. ಅದೇ ತ್ರಾಸ ಆಗ್ಯಾದ." ಹಾಳೆಯ ಮೇಲೆ ಬೆರಳಿಟ್ಟರು. "ಕಿವಿ ಹಚ್ಚಿಲ್ಲ, ದವಡಿ ಹಚ್ಚ್ಯಾರ. ನಮ್ಮ ಅಬ್ಬಾಗ ವಯಸ್ಸಾದ ಮ್ಯಾಲ ಕಿವಿ ಹೋಗಿತ್ತು. ಜೇಬಿನ ಗಡಿಯಾರ ನಡದದೋ ನಿಂತದೋ ಅಂತ ಹಲ್ಲಿನಾಗ ಕಚ್ಚಿ ಹಿಡದು ನೋಡ್ತಿದ್ರು. ಮಾರಿ ಥೇಟ್ ಹಿಂಗೇ ಇರ್ತಿತ್ತು. ಈ ಅಮ್ಮಾಗ ಕೇಳಸವಲ್ದು, ವೀರಣ್ಣ."

ಆವತ್ತು ಇಮಾಮಸಾಬ ಬಾಯಿಯವರ ಎಡಕ್ಕೇ ಕೂತದ್ದು, ಮಾತಾಡುವಾಗಲೆಲ್ಲ ಅವರ ಎಡಗಿವಿಯ ಕಡೆಗೇ ಬಾಗಿದ್ದು ಆಗ ನೆನಪಾಯಿತು.

ಮಾಸ್ತರರು ಒಪ್ಪಲಿಲ್ಲ. "ಯಾರಿಗಿ ತಿಳೀತದ್ರಿ ಇದು? ನಿಮಗ ನಿಮ್ಮ ಅಬ್ಬಾಜಾನ್ ನೆನಪಾದ್ರು, ಅದಕ ತಿಳೀತು."

"ಸಂಗೀತದ ಪತ್ರಿಕಿ ಓದೋರು ಯಾರು ಮಾಸ್ತರ? ಸಂಗೀತ ತಿಳಿದೋರೇ ಅಲ್ಲೇನು? ಅವರಿಗಿ ತಿಳೀತದ. ತಿಳಿದ್ರ ನಾಳಿಂದ ಆ ಅಮ್ಮಾಗ ಯಾರು ಕರೀತಾರ?"

ಮಾಸ್ತರರ ಸಂಕಟವೂ ಸಣ್ಣದಲ್ಲ. ಪತ್ರಿಕೆ ಹೊರಡುವ ವೇಳೆ ಬಂದಿತ್ತು. ಇಂಥ ಮುಖಪುಟ ಮತ್ತೆ ಸಿಗುವುದಿಲ್ಲ ಎನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ಕೊನೆಗೆ ಅವರೇ, "ಹೋಗಿ ತೋರ್ಸಿ ಬಾ. ಅವರು ಹೆಂಗಂತಾರ ಹಂಗ" ಅಂದರು.

ಕಲ್ಯಾಣಿಗೆ ಹೋಗುವ ದಾರಿಯುದ್ದಕ್ಕೂ ಎರಡು ಮನಸ್ಸು. ಅವರು ನೋಡಿ ಸಂತೋಷಪಟ್ಟು, ಛಾಪಿಸಿ ಅಂದುಬಿಟ್ಟರೆ ಸಾಕು ಅಂತ ಒಂದು ಮನಸ್ಸು. ಏನೂ ಹೇಳದೆ ತೋರಿಸಬಹುದಲ್ಲ ಅಂತಲೂ ಅನ್ನಿಸಿತು. ಮುಂದೆ ಹೋಗಿ ಕೂತಾಗ ಅದು ಆಗಲಿಲ್ಲ. ಹಾಳೆ ಕೈಗೆ ಕೊಟ್ಟು, ಎಡಗಡೆ ಕೂತು, ಸಾಹೇಬರು ಅಂದದ್ದನ್ನೆಲ್ಲ ಹೇಳಿಬಿಟ್ಟೆ.

ಬಾಯಿಯವರು ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಇಮಾಮಸಾಬನ ಕಡೆ ತಿರುಗಿದರು. "ನೀ ಏನರೆ ಅಂದಿದ್ದಿಯೇನು?"

"ನನ್ನ ನಾಲಗಿ ಬಿದ್ದು ಹೋಗ್ಲಿ ಬಾಯಿ, ನಾ ಯಾರಿಗೂ ಅಂದಿಲ್ಲ" ಎಂದು ಆ ಮುದುಕ ಗಳಗಳ ಅತ್ತ. ಇಷ್ಟು ಕಾಲ ಅವನೊಬ್ಬನಿಗೇ ಅದು ಗೊತ್ತಿತ್ತು. ಮೈಫಿಲಿನಲ್ಲಿ ಶ್ರುತಿ ಜಾರಿತೆಂದರೆ ಮೆಲ್ಲಗೆ ಕೆಮ್ಮಿ ಎಚ್ಚರಿಸುತ್ತಿದ್ದ.

"ಅಳಬ್ಯಾಡೋ" ಎಂದು ಬಾಯಿಯವರೇ ಅವನನ್ನು ಸಮಾಧಾನ ಮಾಡಿದರು. ನನಗೆ ಹೇಳಿದರು: "ಚಿತ್ರ ಖರೇ ಅದ ತಮ್ಮಾ. ಆ ದಿವಸ ಆ ತಂತಿ ನನ್ನ ಕಿವಿಗಿ ಬರ್ಲೇ ಇಲ್ಲ. ದವಡಿ ಹಚ್ಚಿದೆ. ಎಲುಬಿಗಿ ಬಂತು. ಬಂತಲ್ಲ ಅಂತ ಜೀವ ತಣ್ಣಗಾಗಿ ಹಂಗೇ ಕೂತೆ. ಅದನ್ನೂ ಬರದಿಯಲ್ಲೋ ಮಾರಾಯ. ಆದ್ರ ಏನು ಮಾಡ್ಲಿ? ಈ ಮನಿ ಒಲಿ ಹತ್ತೂದು ನನ್ನ ಕಿವಿ ಮ್ಯಾಲ. ಈ ಮಕ್ಕಳು ಒಂದು ದಡ ಹತ್ತಬೇಕು."

"ಛಾಪಸೂದಿಲ್ರಿ ಅಕ್ಕಾರ. ಕಲ್ಲು ತಿಕ್ಕಿಬಿಡ್ತೀವಿ."

ಅವರು ಹಾಳೆಯನ್ನು ತಿರುಗಿ ಕೊಡಲಿಲ್ಲ. "ತಿಕ್ಕಬ್ಯಾಡ" ಅಂದರು. "ನಾನೇ ಹೇಳಿ ಕಳಸೂತನಕ ಇಟ್ಟಿರ್ರಿ."

ಛಾಪಖಾನೆಯಲ್ಲಿ ಒಳ್ಳೆಯ ಕಲ್ಲುಗಳು ಬೆರಳೆಣಿಕೆಯಷ್ಟು. ಒಂದನ್ನು ಬಳಸದೆ ಎತ್ತಿಡುವುದೆಂದರೆ ಅಷ್ಟು ಕೆಲಸ ಬಿಟ್ಟುಕೊಟ್ಟಂತೆ. ಖಾಸಿಂ ಸಾಹೇಬರು ಚಿತ್ರ ಕೆಡದಂತೆ ಕಲ್ಲಿಗೆ ಅಂಟಿನ ನೀರು ಹಚ್ಚಿ, ಬಟ್ಟೆ ಸುತ್ತಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಲಗ್ನಪತ್ರಿಕೆಗಳ ಸುಗ್ಗಿಯಲ್ಲೂ ಅದನ್ನು ಮುಟ್ಟಲಿಲ್ಲ.

ಆ ತಿಂಗಳಿಗೆ ಬೇರೆ ಮುಖಪುಟ ಬೇಕಿತ್ತಲ್ಲ. ಕಲ್ಯಾಣಿಯಲ್ಲಿ ಆ ದಿನ ಅಳು ನಿಂತ ಮೇಲೆ ಇಮಾಮಸಾಬ ತಬಲಾದ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದ. ಅವೆರಡು ಕೈ ನನ್ನ ಕಣ್ಣಲ್ಲಿದ್ದವು. ಉಬ್ಬಿದ ನರ, ಬೆರಳ ತುದಿಯ ದಡ್ಡು. ಬೇರೇನೂ ಇಲ್ಲ, ಕಪ್ಪು ಬಣ್ಣದಲ್ಲಿ ಆ ಎರಡು ಕೈಗಳನ್ನಷ್ಟೇ ಬರೆದೆ. ಆ ತನಕ ಪಕ್ಕವಾದ್ಯದ ಸಾಥ್ ಕೊಡುವವರನ್ನು ಮುಖಪುಟಕ್ಕೆ ಹಾಕಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಮಾಸ್ತರರು ಅನುಮಾನಿಸಿಯೇ ಒಪ್ಪಿದರು. ಸಂಚಿಕೆ ಚೆನ್ನಾಗಿ ಓಡಿತು. ಇಮಾಮಸಾಬ ಕಲ್ಯಾಣಿಯ ಪೇಟೆಯಲ್ಲಿ ಅದನ್ನು ಹಿಡಿದುಕೊಂಡು ಅಡ್ಡಾಡಿ, ಕಂಡವರಿಗೆಲ್ಲ ಪತ್ರಿಕೆ ತೋರಿಸಿ, ಪಕ್ಕದಲ್ಲಿ ತನ್ನ ಕೈಯನ್ನೂ ಚಾಚಿ, "ನೋಡ್ಕೊಳ್ರಿ, ಇವೇ ಅವು" ಅನ್ನುತ್ತಿದ್ದನಂತೆ.

ಆಮೇಲೆ ಲಡಾಯಿ, ಎರಡನೆಯ ಮಹಾಯುದ್ಧ, ಬಂತು. ಕಾಗದ ಸಿಗದಾಯಿತು, ಸಿಕ್ಕರೆ ಬೆಲ್ಲ ಕಟ್ಟುವಂಥ ಕಂದು ಕಾಗದ. ಎರಡು ಬಣ್ಣ ಹೋಗಿ ಒಂದಕ್ಕೆ ಇಳಿದೆವು. ನಾನು ಮೊದಲು ಅಳುಕಿದೆ. ಮಾಡುತ್ತ ಮಾಡುತ್ತ ಗೊತ್ತಾಯಿತು: ಬಣ್ಣ ಕಡಿಮೆಯಾದಷ್ಟೂ ಗೆರೆ ಬಲವಾಗಬೇಕು, ಎಲ್ಲಿ ಕಾಗದವನ್ನು ಖಾಲಿ ಬಿಡಬೇಕು ಎನ್ನುವ ವಿವೇಕ ಬರಬೇಕು. ಈಗಿನವರಿಗೆ ಬಣ್ಣ ಬೇಕಾದಷ್ಟಿವೆ. ಆದರೂ ಒಂದು ಮುಖಪುಟವನ್ನಾದರೂ ಒಂದೇ ಬಣ್ಣದಲ್ಲಿ ಮಾಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಲಡಾಯಿಯ ದಿನಗಳಲ್ಲೇ ಮಂಠಾಳದ ಒಂದು ದೊಡ್ಡ ಮನೆಯಲ್ಲಿ ಬಾಯಿಯವರ ಹಾಡಿಕೆ ಇತ್ತು. ಗುರುನಾಥ ಮಾಸ್ತರರ ಜೊತೆ ನಾನೂ ಹೋಗಿದ್ದೆ. ನಿಧಾನಗತಿಯ ವಿಲಂಬಿತ ಮುಗಿಯಿತು. ವೇಗದ ದ್ರುತ್ ಹಿಡಿಯಬೇಕು. ಇಮಾಮಸಾಬ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಮೂಲೆಯಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಬಾಯಿಯವರಿಗೆ ನಗು ಕೇಳಲಿಲ್ಲ, ನಗುವ ಮುಖ ಕಂಡಿತು. ಹಾಡು ನಿಲ್ಲಿಸಿ ತಂಬೂರಿಯನ್ನು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿದರು.

"ಮಾಫ್ ಮಾಡ್ರಿ" ಅಂದರು ಕೈಮುಗಿದು. "ನನಗ ಕೇಳಸವಲ್ದು. ಇವತ್ತಿಂದಲ್ಲ, ಭಾಳ ದಿನದಿಂದ. ಇಷ್ಟು ದಿನ ಈ ಇಮಾಮನ ಕಿವಿಲಿಂದ ಹಾಡೀನಿ. ಅವನಿಗೂ ವಯಸ್ಸಾತು, ಪಾಪ. ಇನ್ನ ಸಾಕು."

ಮನೆಯ ಯಜಮಾನತಿ, ಪರದೆಯ ಹಿಂದೆ ಕೂತಿದ್ದವರು, ಎಲ್ಲರೆದುರು ಹೊರಗೆ ಬಂದು ಬಾಯಿಯವರನ್ನು ಕೈ ಹಿಡಿದು ಒಳಗೆ ಕರೆದೊಯ್ದರು. ಊಟ ಬಡಿಸಿ, ಸೀರೆ ಉಡಿಸಿ, ಬಂಡಿ ಕಟ್ಟಿಸಿ ಊರಿಗೆ ಕಳಿಸಿದರು. ಬಂಡಿ ಹತ್ತುವಾಗ ಬಾಯಿಯವರು ನನ್ನನ್ನು ಹುಡುಕಿ ಕರೆದು, "ಕಲ್ಲು ಅದ ಇಲ್ಲೋ? ಈಗ ಛಾಪಸ್ರಿ" ಅಂದರು.

ಛಾಪಿಸಿದೆವು. ಕಂದು ಕಾಗದ, ಒಂದೇ ಕಪ್ಪು. ನೋಡಿದವರೆಲ್ಲ ಮೆಚ್ಚಿದರು. ಆದರೆ ಆ ಮುಖಪುಟದಿಂದ ಬಾಯಿಯವರ ಕಷ್ಟ ತೀರಿತೆಂದು ಹೇಳಿದರೆ ಅದು ಸುಳ್ಳಾದೀತು. ಕರೆಯುವವರು ಕರೆಯುವುದನ್ನು ಬಿಟ್ಟರು. ಮೊದಲ ವರ್ಷ ಆ ಮನೆಗೆ ಕಠಿಣವಾಗಿಯೇ ಹೋಯಿತು. ತಂಗಿಯ ದೊಡ್ಡ ಮಗ ಓದು ಬಿಟ್ಟು ಕಿರಾಣಿ ಅಂಗಡಿ ಸೇರಿದ. ಮಾಸ್ತರರು ಪತ್ರಿಕೆಯಲ್ಲಿ, ಬಾಯಿಯವರು ಇನ್ನು ಮನೆಯಲ್ಲೇ ಪಾಠ ಹೇಳುತ್ತಾರೆ ಎಂದು ಅವರನ್ನು ಕೇಳದೆಯೇ ಬರೆದುಬಿಟ್ಟರು. ಬಾಯಿಯವರು ಸಿಟ್ಟಾದರು. "ಕಿವುಡಿ ಏನು ಕಲಸ್ತಾಳ ಅಂತ ಊರು ನಗಬೇಕೇನು?" ಎಂದು ಹೇಳಿ ಕಳಿಸಿದರು. ಆದರೂ ಒಬ್ಬ ತಾಯಿ ಮುಡಬಿಯಿಂದ ಮಗಳನ್ನು ಕರೆದುಕೊಂಡು ಬಂದಳು. ಬಂದವಳನ್ನು ಬಾಗಿಲಿಂದ ತಿರುಗಿ ಕಳಿಸುವುದು ಅವರಿಂದ ಆಗಲಿಲ್ಲ. ಆಮೇಲೆ ಇನ್ನೊಬ್ಬರು ಬಂದರು.

ಕಾಲ ಕೆಟ್ಟಿತು. ಊರಲ್ಲಿ ನಿಜಾಮರ ಕಡೆಗಾಲದ ಗಲಾಟೆಯ ದಿನಗಳು ಶುರುವಾಗಿ, ಹೆದರಿಕೆಯಲ್ಲಿ ಪೇಟೆ ಮುಚ್ಚುವುದೇ ಹೆಚ್ಚಾಗಿ, 'ನಾದಬುತ್ತಿ' ನಿಂತುಹೋಯಿತು. ಖಾಸಿಂ ಸಾಹೇಬರು ಛಾಪಖಾನೆ ಮಾರಿ ಮಗಳ ಊರಿಗೆ ಹೋದರು. ಹೋಗುವ ಮುಂಚೆ ತಮ್ಮ ಬರೆಯುವ ಕುಂಚಗಳನ್ನು ನನ್ನ ಕೈಯಲ್ಲಿಟ್ಟು, ನನ್ನ ತಲೆ ಸವರಿದರು. ನಾನು ಗುಲಬರ್ಗಾದ ಒಂದು ದೊಡ್ಡ ಪ್ರೆಸ್ಸಿಗೆ ಸೇರಿದೆ. ಅಲ್ಲಿ ಕಲ್ಲಿಲ್ಲ, ಫೋಟೋ ನೋಡಿ ಲೋಹದ ಬ್ಲಾಕು ಮಾಡಿಸುವುದು. ಕೈಗಿಂತ ಕತ್ತರಿಗೆ ಕೆಲಸ ಹೆಚ್ಚು. ಸಿನೆಮಾದ್ದು, ಶಾಲೆಯದು, ಬೀಜ ಗೊಬ್ಬರದ್ದು, ಏನೆಲ್ಲ ಮುಖಪುಟ ಮಾಡಿದೆ. ನಿವೃತ್ತಿಯ ತನಕ ಅಲ್ಲೇ ಇದ್ದೆ. ಆ ವರ್ಷಗಳ ಬಗ್ಗೆ ಹೇಳುವಂಥದ್ದು ಅಷ್ಟಿಲ್ಲ.

ಗುಲಬರ್ಗಾಕ್ಕೆ ಹೊರಡುವ ಮುಂಚೆ ಒಮ್ಮೆ ಕಲ್ಯಾಣಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಪಾಠ ನಡೆದಿತ್ತು. ಮುಡಬಿಯ ಹುಡುಗಿ ಹಾಡುತ್ತಿದ್ದಳು. ಬಾಯಿಯವರು ಅವಳೆದುರು ಕೂತಿದ್ದರು, ತಲೆ ಪೂರ್ತಿ ನರೆತಿತ್ತು. ಇಮಾಮಸಾಬ ಗೋಡೆಗೆ ಆನಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನನ್ನನ್ನು ನೋಡಿ ಬಾಯಿಯವರು ಮುಖ ತುಂಬ ನಕ್ಕರು, ಕೂರಲು ಸನ್ನೆ ಮಾಡಿದರು. ಹಾಡು ಮುಗಿಯಿತು.

"ಹ್ಯಾಂಗ ಹಾಡ್ತಾಳ ತಮ್ಮಾ?" ಎಂದು ಕೇಳಿದರು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಅವರಿಗೆ ತಿಳಿಯುವಂತೆ ತುಟಿ ಬಿಡಿಸಿ ಬಿಡಿಸಿ, "ಭಾಳ ಛಲೋ ಹಾಡಿದಳ್ರಿ ಅಕ್ಕಾರ, ಏನೂ ಕಮ್ಮಿ ಇಲ್ಲ" ಅಂದೆ.

"ಸುಳ್ಳ ಹೇಳಬ್ಯಾಡ" ಅಂದರು. "ಮ್ಯಾಲಿನ ಷಡ್ಜ ಮುಟ್ಟಿಲ್ಲ, ಕೆಳಗೇ ಉಳದದ."

ನಾನು ಬೆಚ್ಚಿದೆ. ನನ್ನ ಕಿವಿಗೆ ಅದು ಗೊತ್ತೇ ಆಗಿರಲಿಲ್ಲ. "ನಿಮಗ ಹ್ಯಾಂಗ ತಿಳೀತ್ರಿ?"

ಬಾಯಿಯವರು ಗೋಡೆಯ ಕಡೆ ಗದ್ದ ಚಾಚಿದರು. "ಆ ಮುದುಕನ ಮಾರಿ ನೋಡು. ಒಂದು ಸ್ವರ ಹೆಚ್ಚುಕಮ್ಮಿ ಆದ್ರ ಸಾಕು, ಖಾರ ತಿಂದಾವರಂಗ ಮಾಡ್ತಾನ. ಜೀವ ಹೋದ್ರೂ ಮುಚ್ಚಿಡಾಕ ಬರೂದಿಲ್ಲ ಅವಗ."

ಇಮಾಮಸಾಬ ಸಿಕ್ಕಿಬಿದ್ದ ಮಗುವಿನಂತೆ ಮುಖ ಮುಚ್ಚಿಕೊಂಡ. ಬಾಯಿಯವರು ಹುಡುಗಿಯ ಕಡೆ ತಿರುಗಿ, "ಮಾರಿ ಮ್ಯಾಲಿನ ಕೈ ತಗೀ ಅಂತ ಹೇಳವ್ವ ಅವಗ. ಹಾಂ, ಈಗ ಹೊಳ್ಳಿ ಹಾಡು" ಅಂದರು.

ಹುಡುಗಿ ಉಸಿರು ತೆಗೆದುಕೊಂಡು ಮತ್ತೆ ಹಾಡಿದಳು. ನಾವಿಬ್ಬರೂ, ಬಾಯಿಯವರು ಮತ್ತು ನಾನು, ಇಮಾಮಸಾಬನ ಮುಖವನ್ನೇ ನೋಡುತ್ತ ಕೂತೆವು. ಅವಳ ದನಿ ಮೇಲೇರಿತು. ಮುದುಕನ ಹುಬ್ಬು ಸಡಿಲಿತು, ಕಣ್ಣು ಮುಚ್ಚಿದವು. "ಬಂತು" ಅಂದರು ಬಾಯಿಯವರು.